ಸಹಾಯ ಬೇಕು: ನೊಣದ ಕಣ್ಣಿನ ಸೆಲ್ ಸೆಕೆಂಡಿಗೆ ಎಷ್ಟು ಬಿಟ್ ಕಳಿಸುತ್ತೆ, ಲೆಕ್ಕ ಸರಿ ಬರ್ತಿಲ್ಲ

ಎಲ್ರಿಗೂ ನಮಸ್ಕಾರ, ನಾನು ಹಾಸನದಲ್ಲಿ ಎಂಎಸ್ಸಿ ಮಾಡ್ತಿದೀನಿ, ನೊಣದ ಫೋಟೋರಿಸೆಪ್ಟರ್ (ಕಣ್ಣಲ್ಲಿ ಬೆಳಕು ಹಿಡಿಯೋ ಸೆಲ್) ಬೆಳಕನ್ನ ಎಷ್ಟು ಚೆನ್ನಾಗಿ ಹಿಡಿಯುತ್ತೆ ಅಂತ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಇನ್ಫರ್ಮೇಶನ್ ಥಿಯರಿ (ಮಾಹಿತೀನ ಬಿಟ್ ಲೆಕ್ಕದಲ್ಲಿ ಅಳೆಯೋ ಗಣಿತ) ಇಟ್ಕೊಂಡು ಅಳೀಬೇಕು. ಒಂದೇ ಥರ ಮಿನುಗೋ ಬೆಳಕನ್ನ ಮತ್ತೆ ಮತ್ತೆ ತೋರಿಸಿ ವೋಲ್ಟೇಜ್ ರೆಕಾರ್ಡ್ ಮಾಡಿರೋ ಡೇಟಾನ ಗೈಡ್ ಕೊಟ್ಟಿದಾರೆ. ರಿಪೀಟ್‌ಗಳ ಆವರೇಜ್ ಸಿಗ್ನಲ್, ಒಂದೊಂದರಿಂದಲೂ ಅದನ್ನ ಕಳೆದ್ರೆ ಉಳಿಯೋದು ನಾಯ್ಸ್, ಸಿಗ್ನಲ್ ಪವರನ್ನ ನಾಯ್ಸ್ ಪವರಿಂದ ಭಾಗಿಸಿದ್ರೆ ಎಸ್‌ಎನ್‌ಆರ್ (ಸಿಗ್ನಲ್-ಟು-ನಾಯ್ಸ್ ರೇಶಿಯೋ), ಆಮೇಲೆ ಲಾಗ್ 2 (1 + ಎಸ್‌ಎನ್‌ಆರ್) ಅನ್ನ ಫ್ರೀಕ್ವೆನ್ಸಿ ಮೇಲೆ ಇಂಟಿಗ್ರೇಟ್ ಮಾಡೋದು, ಇಲ್ಲೀವರೆಗೆ ಓಕೆ.

ಸಿಕ್ಕಾಕೊಂಡಿರೋದು ಮುಂದೆ. ಹೈ ಫ್ರೀಕ್ವೆನ್ಸೀಲಿ ಗ್ರಾಫಲ್ಲಿ ಸಿಗ್ನಲ್ಲೇ ಇಲ್ಲ, ಆದ್ರೂ ಇಂಟಿಗ್ರೇಷನ್ ಮುಂದಕ್ಕೆ ಎಳೆದಷ್ಟೂ ಬಿಟ್ಸ್ ಏರ್ತಾನೇ ಇದೆ, ಯಾಕಂದ್ರೆ ರಿಪೀಟ್ ಕಮ್ಮಿ ಇದ್ದು ಆವರೇಜಲ್ಲೂ ಸ್ವಲ್ಪ ನಾಯ್ಸ್ ಉಳ್ಕೊಂಡು ಅದೂ ಸಿಗ್ನಲ್ ಲೆಕ್ಕಕ್ಕೇ ಸೇರ್ತಿದೆ. ನಾಯ್ಸ್ ಪವರನ್ನ ರಿಪೀಟ್ ಸಂಖ್ಯೆಯಿಂದ ಭಾಗಿಸಿ ಸಿಗ್ನಲ್ಲಿಂದ ಕಳೆದ್ರೆ ಸಾಕಾ, ಇಲ್ಲಾ ಒಂದು ಫ್ರೀಕ್ವೆನ್ಸಿಗೆ ಲೆಕ್ಕ ನಿಲ್ಲಿಸೋ ಕಟಾಫ್ ಕೂಡ ಇಡ್ಬೇಕಾ? ಜೋರು ಬೆಳಕಲ್ಲಿ ಬ್ಲೋಫ್ಲೈ (ಒಂದು ಜಾತಿ ನೊಣ) ಕಣ್ಣಿನ ಸೆಲ್ ಸೆಕೆಂಡಿಗೆ ಸುಮಾರು 1000 ಬಿಟ್ ಕಳಿಸುತ್ತೆ ಅಂತ 1996ರ ಪೇಪರಲ್ಲಿದೆ, ಅದರ ಪಕ್ಕ ಇಡೋಕೆ ನಂಬೋ ಥರದ ನಂಬರ್ ಬೇಕು.

ಮಂದ ಬೆಳಕಿನ ಡೇಟಾನೂ ಇದೆ, ಒಂದೊಂದು ಫೋಟಾನ್‌ಗೂ ಒಂದೊಂದು ಪುಟ್ಟ ಬಂಪ್, ನೋಡೋಕೇ ಖುಷಿ ಆಗುತ್ತೆ, ಆದ್ರೆ ಅದರ ಹಂಚಿಕೆ ಗಾಸಿಯನ್ (ಗಂಟೆ ಆಕಾರದ ಕರ್ವ್) ಅಲ್ವಲ್ಲ, ಇದೇ ಫಾರ್ಮುಲಾ ನಡೆಯುತ್ತಾ?

ಹಾಸನ, ಬೇಲೂರು, ಚಿಕ್ಕಮಗಳೂರು ಕಡೆ ಸಿಗ್ನಲ್ ಪ್ರೊಸೆಸಿಂಗ್ ಪಾಠ ಮಾಡೋ ಸರ್, ಮೇಡಂ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಭಾನುವಾರ ಲ್ಯಾಪ್‌ಟಾಪ್ ತಗೊಂಡು ನಾನೇ ಬರ್ತೀನಿ. ಕೋಡ್ ಪೈಥಾನಲ್ಲಿದೆ.