ಇ-ಸೈಕಲ್ ಹಿಂದಿನ ಡಿಸ್ಕ್ ಬ್ರೇಕ್: ವೈರ್ ಎಷ್ಟು ಬಿಗಿ ಮಾಡಿದರೂ ಸರಿಯಾಗಿ ಹಿಡಿಯುತ್ತಿಲ್ಲ, ಜೊತೆಗೆ ಕಿರುಚಾಟ

ಶ್ರೀರಾಂಪುರ_ಸವಾರಿ

ಎಲ್ಲರಿಗೂ ನಮಸ್ಕಾರ. ನನ್ನದು ಹಿಂದಿನ ಚಕ್ರದಲ್ಲಿ ಮೋಟರ್ ಇರುವ ಎಲೆಕ್ಟ್ರಿಕ್ ಸೈಕಲ್, 250 ವ್ಯಾಟ್. ತಗೊಂಡು ವರ್ಷ ಆಗುತ್ತಾ ಬಂತು. ದಿನಾ ಮೈಸೂರಿನ ಶ್ರೀರಾಂಪುರದಿಂದ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾಕ್ಕೆ ರಿಂಗ್ ರೋಡ್ ಹಿಡಿದು ಹೋಗಿ ಬರುತ್ತೇನೆ. ಸಂಜೆ ಮಗಳನ್ನು ಟ್ಯೂಷನ್‌ಗೆ ಬಿಡುವುದೂ ಇದರಲ್ಲೇ. ಎರಡೂ ಕಡೆ ಡಿಸ್ಕ್ ಬ್ರೇಕ್, ಆಯಿಲ್ ಇರುವುದಲ್ಲ, ವೈರ್ ಎಳೆಯುವ ಮಾಮೂಲಿ ಬ್ರೇಕ್.

ಮಳೆ ಶುರುವಾದ ಮೇಲೆ ಹಿಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಹೋಗುತ್ತಿತ್ತು. ಹತ್ತಿರದ ಅಂಗಡಿಯಲ್ಲಿ ತೋರಿಸಿದೆ. ಅವರು ವೈರ್ ಎಳೆದು ಬಿಗಿ ಮಾಡಿ ಎರಡೇ ನಿಮಿಷದಲ್ಲಿ ಕೊಟ್ಟರು. ಎರಡು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕತೆ. ಮತ್ತೆ ಬಿಗಿ ಮಾಡಿಸಿದೆ. ಈಗ ಚಕ್ರ ತಿರುಗುವಾಗ ಒಂದೇ ಜಾಗದಲ್ಲಿ ಶಿರ್ ಶಿರ್ ಅಂತ ಉಜ್ಜುತ್ತದೆ, ಬ್ರೇಕ್ ಹಿಡಿದರೆ ಬೀದಿಯವರೆಲ್ಲ ತಿರುಗಿ ನೋಡುವಷ್ಟು ಕಿರುಚುತ್ತದೆ, ಆದರೂ ಸೈಕಲ್ ನಿಲ್ಲುವುದು ನಿಧಾನ. ಕಿರುಚುತ್ತೆ ಅಂತ ಚೈನ್‌ಗೆ ಹಾಕುವ ಸ್ಪ್ರೇಯನ್ನು ಡಿಸ್ಕ್‌ಗೂ ಸ್ವಲ್ಪ ಹೊಡೆದೆ. ಸದ್ದು ಒಂದು ದಿನ ನಿಂತಿತು. ಬ್ರೇಕ್ ಇನ್ನೂ ಕೆಟ್ಟಿತು.

ಇನ್ನೊಂದು ವಿಷಯ. ಕೆಲವು ಸಲ ಬ್ರೇಕ್ ಬಿಟ್ಟ ಮೇಲೂ ಮೋಟರ್ ತಕ್ಷಣ ಎಳೆಯುವುದಿಲ್ಲ. ಹೋದ ಭಾನುವಾರ ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಸುಟ್ಟ ವಾಸನೆ ಬೇರೆ ಬಂತು. ತುಂಬಾ ಹೆದರಿಕೆ ಆಯಿತು. ಮನೆಯಲ್ಲಿ ಅಲೆನ್ ಕೀ ಸೆಟ್, ಸ್ಪ್ಯಾನರ್ ಇದೆ. ನಾನೇ ಸರಿ ಮಾಡಿಕೊಳ್ಳಬಹುದಾ? ಎಲ್ಲಿಂದ ಶುರು ಮಾಡಬೇಕು?

ಒಂಟಿಕೊಪ್ಪಲು_ಸ್ಪ್ಯಾನರ್

ಮೇಡಂ, ಖಂಡಿತ ಮಾಡಿಕೊಳ್ಳಬಹುದು. ಮೊದಲು ಒಂದು ಮಾತು. ಅದು ಸರಿಯಾಗುವವರೆಗೆ ಮಗಳನ್ನು ಕೂರಿಸಿಕೊಂಡು ಹೋಗಬೇಡಿ.

ನಿಮ್ಮ ತೊಂದರೆ ಎಲ್ಲಿದೆ ಅಂತ ಹೇಳುತ್ತೇನೆ. ಡಿಸ್ಕಿನ ಎರಡೂ ಪಕ್ಕ ಪ್ಯಾಡ್ ಇಟ್ಟುಕೊಂಡು ಅದನ್ನು ಹಿಡಿಯುವ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ವೈರ್ ಬ್ರೇಕಿನ ಕ್ಯಾಲಿಪರ್‌ಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಒತ್ತುತ್ತವೆ. ಲಿವರ್ ಹಿಡಿದಾಗ ಹೊರಗಿನ ಪ್ಯಾಡ್ ಮಾತ್ರ ಮುಂದೆ ಬರುತ್ತದೆ, ಒಳಗಿನದು ಅಂದರೆ ಚಕ್ರದ ಕಡೆಯದು ಇದ್ದಲ್ಲೇ ಇರುತ್ತದೆ. ಹೊರಗಿನ ಪ್ಯಾಡ್ ಡಿಸ್ಕನ್ನು ತಳ್ಳಿ, ಬಗ್ಗಿಸಿ, ಒಳಗಿನ ಪ್ಯಾಡ್‌ಗೆ ಒತ್ತುತ್ತದೆ. ಒಳಗಿನ ಪ್ಯಾಡ್ ಸವೆದು ದೂರ ಆದಷ್ಟೂ ಡಿಸ್ಕ್ ಜಾಸ್ತಿ ಬಗ್ಗಬೇಕು. ನಿಮ್ಮ ಕೈಯ ಬಲ ಎಲ್ಲ ಡಿಸ್ಕ್ ಬಗ್ಗಿಸುವುದಕ್ಕೇ ಖರ್ಚಾಗುತ್ತದೆ, ನಿಲ್ಲಿಸುವುದಕ್ಕೆ ಉಳಿಯುವುದು ಕಡಿಮೆ. ವೈರ್ ಬಿಗಿ ಮಾಡಿದರೆ ಹೊರಗಿನ ಪ್ಯಾಡ್ ಹತ್ತಿರ ಬರುತ್ತದೆ ಅಷ್ಟೆ. ಒಳಗಿನದು ಎಲ್ಲಿತ್ತೋ ಅಲ್ಲೇ. ಜೊತೆಗೆ ಕ್ಯಾಲಿಪರ್ ಮೇಲಿನ ಆ ಚಿಕ್ಕ ತೋಳು, ವೈರ್ ಕಟ್ಟಿರುವುದು, ಲಿವರ್ ಮುಟ್ಟದೆಯೇ ಅರ್ಧ ಎದ್ದು ನಿಂತಿರುತ್ತದೆ. ಅದಕ್ಕೆ ತಿರುಗಲು ಉಳಿದ ಜಾಗವೇ ಸ್ವಲ್ಪ. ಒಂದು ದಿನ ತೋಳು ಕೊನೆ ಮುಟ್ಟಿ ನಿಲ್ಲುತ್ತದೆ, ಪ್ಯಾಡ್ ಮಾತ್ರ ಡಿಸ್ಕನ್ನು ಸರಿಯಾಗಿ ಒತ್ತಿರುವುದಿಲ್ಲ.

ಆದ್ದರಿಂದ ವೈರನ್ನು ಕೊನೆಗೆ ಮುಟ್ಟಿ. ಮೊದಲು ಒಳಗಿನ ಪ್ಯಾಡ್.

ಮಾಡುವ ರೀತಿ ಹೀಗೆ. ಸ್ವಿಚ್ ಆಫ್ ಮಾಡಿ, ಬ್ಯಾಟರಿ ತೆಗೆದು ಪಕ್ಕಕ್ಕಿಡಿ. ಇದನ್ನು ಬಿಡಲೇಬೇಡಿ. ಕೈ ತಪ್ಪಿ ಥ್ರಾಟಲ್ ತಿರುಗಿದರೆ ತಿರುಗುವ ಡಿಸ್ಕ್ ಬೆರಳು ಕತ್ತರಿಸುತ್ತದೆ. ಆಮೇಲೆ ಹಿಂದಿನ ಆಕ್ಸಲ್ ನಟ್ ಎರಡೂ ಬಿಗಿಯಾಗಿವೆಯಾ ನೋಡಿ. ಹಬ್ ಮೋಟರ್‌ಗೆ, ಅಂದರೆ ನಿಮ್ಮದರಂತೆ ಚಕ್ರದ ಮಧ್ಯದಲ್ಲೇ ಇರುವ ಮೋಟರ್‌ಗೆ, ಬಹಳ ಕಡೆ 18 ಎಂಎಂ ಸ್ಪ್ಯಾನರ್ ಬೇಕಾಗುತ್ತದೆ. ಪಂಕ್ಚರ್ ಹಾಕಿಸಿದ ಮೇಲೆ ಚಕ್ರ ಸ್ವಲ್ಪ ಓರೆ ಕೂತಿದ್ದರೂ ಸಾಕು, ಡಿಸ್ಕ್ ಪ್ಯಾಡ್‌ಗೆ ಉಜ್ಜುತ್ತದೆ, ಜನ ಸುಮ್ನೆ ಬ್ರೇಕನ್ನು ಬೈಯುತ್ತಾರೆ.

ಈಗ ಲಿವರ್ ಹತ್ತಿರ ಇರುವ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ. ಕ್ಯಾಲಿಪರ್‌ನಲ್ಲಿ ವೈರ್ ಹಿಡಿದಿರುವ ಬೋಲ್ಟ್ ಸಡಿಲ ಮಾಡಿ, ತೋಳು ತಾನಾಗಿ ಹಿಂದಕ್ಕೆ ಹೋಗಿ ಕೂರಲಿ. ಕ್ಯಾಲಿಪರನ್ನು ಫ್ರೇಮ್‌ಗೆ ಹಿಡಿದಿರುವ ಎರಡು ಬೋಲ್ಟ್ ಇವೆಯಲ್ಲ, ಸಾಮಾನ್ಯವಾಗಿ 5 ಎಂಎಂ ಅಲೆನ್ ಕೀ, ಅವನ್ನು ಕ್ಯಾಲಿಪರ್ ಅಲ್ಲಾಡುವಷ್ಟು ಮಾತ್ರ ಸಡಿಲಿಸಿ. ಚಕ್ರದ ಕಡೆಯಿಂದ ಒಳಗಿನ ಪ್ಯಾಡ್‌ನ ಸ್ಕ್ರೂ ಕಾಣುತ್ತದೆ, ಕೆಲವದರಲ್ಲಿ ಕೈಯಲ್ಲೇ ತಿರುಗಿಸುವ ಚಕ್ರ ಇರುತ್ತದೆ. ಹಬ್ ಮೋಟರ್ ದಪ್ಪ ಇರುವುದರಿಂದ ಅಲ್ಲಿ ಕೈ ಹೋಗುವುದು ಕಷ್ಟ. ಸ್ಪೋಕ್ ಮಧ್ಯೆ ಅಲೆನ್ ಕೀ ತೂರಿಸಿ ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ ಪ್ಯಾಡನ್ನು ಡಿಸ್ಕ್ ಹತ್ತಿರ ತರಬೇಕಾಗುತ್ತದೆ. ಹೊಸಬರು ಇಲ್ಲೇ ಬೇಜಾರಾಗಿ ಬಿಟ್ಟು ವೈರ್ ಕಡೆ ಹೋಗುವುದು. ಬಿಡಬೇಡಿ.

ಒಂದು ವಿಸಿಟಿಂಗ್ ಕಾರ್ಡ್ ತಗೊಂಡು ಒಳಗಿನ ಪ್ಯಾಡ್ ಮತ್ತು ಡಿಸ್ಕ್ ಮಧ್ಯೆ ಇಡಿ. ತೋಳನ್ನು ಕೈಯಲ್ಲೇ ಗಟ್ಟಿಯಾಗಿ ತಳ್ಳಿ ಹಿಡಿಯಿರಿ, ಪ್ಯಾಡ್‌ಗಳು ಡಿಸ್ಕ್ ಕಚ್ಚಿಕೊಂಡು ಕ್ಯಾಲಿಪರ್ ತಾನೇ ನೇರವಾಗುತ್ತದೆ. ಹಾಗೇ ಹಿಡಿದುಕೊಂಡು ಎರಡು ಬೋಲ್ಟನ್ನೂ ಅದಕ್ಕೊಂದಿಷ್ಟು, ಇದಕ್ಕೊಂದಿಷ್ಟು ಅಂತ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಕ್ಯಾಲಿಪರ್ ತಿರುಚಿಕೊಳ್ಳುತ್ತದೆ. ಕಾರ್ಡ್ ಎಳೆದು ತೆಗೆಯಿರಿ. ಚಕ್ರದ ಹಿಂದೆ ನೆಲದ ಮೇಲೆ ಬಿಳಿ ಕಾಗದ ಹಾಸಿ, ಮೇಲಿನಿಂದ ಒಂದು ಕಣ್ಣು ಮುಚ್ಚಿ ಕ್ಯಾಲಿಪರ್ ಸೀಳಿನಲ್ಲಿ ನೋಡಿ. ಡಿಸ್ಕ್‌ನ ಎರಡೂ ಪಕ್ಕ ದಾರದ ಎಳೆಯಷ್ಟು ಬೆಳಕು ಕಾಣಬೇಕು. ಒಂದು ಕಡೆ ಕತ್ತಲಿದ್ದರೆ ಅಲ್ಲಿ ತಾಗುತ್ತಿದೆ ಅಂತ ಅರ್ಥ.

ಇದಾದ ಮೇಲೆ ವೈರ್. ತೋಳು ಪೂರ್ತಿ ಹಿಂದೆ ಇರುವಾಗಲೇ ವೈರನ್ನು ಕೈಯಲ್ಲಿ ಎಳೆದು, ಸಡಿಲು ಹೋಗುವಷ್ಟು ಮಾತ್ರ, ಬೋಲ್ಟ್ ಹಾಕಿ. ತೋಳು ಏಳಬಾರದು. ಉಳಿದ ಚೂರುಪಾರು ಲಿವರ್ ಅಡ್ಜಸ್ಟರ್‌ನಲ್ಲಿ. ಗಟ್ಟಿಯಾಗಿ ಹಿಡಿದಾಗ ಲಿವರ್‌ಗೂ ಗ್ರಿಪ್‌ಗೂ ಮಧ್ಯೆ ಎರಡು ಬೆರಳು ಜಾಗ ಉಳಿದರೆ ಸರಿ.

ಮಂಡ್ಯ_ಚಾನಲ್_ದಾರಿ

ಅಣ್ಣ ಹೇಳಿದ್ದು ಸರಿ. ಆದರೆ ಅಕ್ಕ ಸ್ಪ್ರೇ ಹೊಡೆದಿದ್ದಾರಲ್ಲ, ಅದನ್ನು ಸರಿ ಮಾಡದೆ ಎಷ್ಟು ಅಡ್ಜಸ್ಟ್ ಮಾಡಿದರೂ ಬ್ರೇಕ್ ಹಿಡಿಯುವುದಿಲ್ಲ. ಪ್ಯಾಡ್ ಎಣ್ಣೆ ಕುಡಿದುಬಿಟ್ಟಿರುತ್ತದೆ.

ಅಕ್ಕ, ಪ್ಯಾಡ್ ಹೊರಗೆ ತೆಗೆದು ನೋಡಿ. ಮೊದಲು ಹಿಂದಿನ ಚಕ್ರ ಬಿಚ್ಚಬೇಕು. ಮೋಟರ್ ವೈರಿನ ಕನೆಕ್ಟರ್ ಬಿಡಿಸಿಕೊಂಡೇ ಚಕ್ರ ಎಳೆಯಿರಿ, ಆಕ್ಸಲ್‌ನ ವಾಷರ್‌ಗಳು ಯಾವ ಕ್ರಮದಲ್ಲಿ ಇದ್ದವು ಅಂತ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಪ್ಯಾಡ್‌ಗೆ ಒಂದು ಪಿನ್ ಅಥವಾ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಪ್ಯಾಡಿನ ಮುಖ ಒರಟಾಗಿ, ಬೂದಿ ಬಣ್ಣಕ್ಕಿದ್ದರೆ ಒಳ್ಳೆಯದು. ಕನ್ನಡಿ ಥರ ಕಪ್ಪಗೆ ಹೊಳೆಯುತ್ತಿದ್ದರೆ ಎಣ್ಣೆ ಹಿಡಿದಿದೆ ಅಥವಾ ಸುಟ್ಟು ಗಾಜಿನಂತಾಗಿದೆ. ಬರೀ ಮೇಲೆ ಹೊಳಪಿದ್ದರೆ ಉಪ್ಪಿನಕಾಗದವನ್ನು (ಸ್ಯಾಂಡ್ ಪೇಪರ್) ಸಮತಟ್ಟಾದ ಕಲ್ಲಿನ ಮೇಲೆ ಇಟ್ಟು ಪ್ಯಾಡನ್ನು ನಿಧಾನಕ್ಕೆ ಉಜ್ಜಿ. ಆ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಎಣ್ಣೆ ಒಳಗೆ ಇಳಿದಿದ್ದರೆ ಉಜ್ಜಿ ಪ್ರಯೋಜನ ಇಲ್ಲ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಹೊಸದು ಹಾಕಿ. ಲೋಹದ ಪಟ್ಟಿ ಬಿಟ್ಟು ಪ್ಯಾಡಿನ ದಪ್ಪ ಅರ್ಧ ಮಿಲಿಮೀಟರ್‌ಗೆ ಬಂದಿದ್ದರೂ ಬದಲಿಸಲೇಬೇಕು. ಅದೂ ಸವೆದರೆ ಲೋಹಕ್ಕೆ ಲೋಹ ಉಜ್ಜಿ ಡಿಸ್ಕ್ ಹಾಳಾಗುತ್ತದೆ.

ಪ್ಯಾಡಿನ ಆಕಾರ ಒಂದೊಂದು ಕಂಪನಿಗೂ ಬೇರೆ. ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗಿ. ಪ್ಯಾಡಿನಲ್ಲೂ ಎರಡು ಜಾತಿ. ರೆಸಿನ್ ಪ್ಯಾಡ್ ಸದ್ದು ಕಡಿಮೆ, ಆದರೆ ಮಳೆ ಕೆಸರಿನಲ್ಲಿ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡ್ ಜಾಸ್ತಿ ದಿನ ಬಾಳುತ್ತದೆ, ಸ್ವಲ್ಪ ಸದ್ದು. ನಿಮ್ಮ ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಇಂಗ್ಲಿಷಿನಲ್ಲಿ ಕೊರೆದಿದ್ದರೆ ಮೆಟಲ್ ಹಾಕಬೇಡಿ, ಡಿಸ್ಕ್ ತಿಂದುಹಾಕುತ್ತದೆ. ನಾನು ಓಡಾಡುವುದು ಕಬ್ಬಿನ ಟ್ರ್ಯಾಕ್ಟರ್ ಓಡುವ ರಸ್ತೆ. ಮಳೆಯಲ್ಲಿ ಗದ್ದೆ ಮಣ್ಣೆಲ್ಲ ಟಾರ್ ಮೇಲೆ ಬಂದು ಬಿದ್ದಿರುತ್ತದೆ, ಅದು ಪ್ಯಾಡ್ ಮಧ್ಯೆ ಸಿಕ್ಕಿಕೊಂಡು ಉಪ್ಪಿನಕಾಗದದ ಕೆಲಸ ಮಾಡುತ್ತದೆ. ಅದಕ್ಕೇ ನಾನು ಮೆಟಲ್ ಪ್ಯಾಡ್‌ಗೆ ಬಂದೆ, ಸದ್ದು ಸಹಿಸಿಕೊಂಡಿದ್ದೇನೆ.

ಡಿಸ್ಕ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಅಂತಲೇ ಕೇಳಿ ತನ್ನಿ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ. ಒಗೆದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸಬೇಕು. ಆಮೇಲೆ ಡಿಸ್ಕ್ ಮುಖವನ್ನು ಬೆರಳಲ್ಲಿ ಮುಟ್ಟಬೇಡಿ. ನಮ್ಮ ಬೆರಳಿನ ಜಿಡ್ಡೂ ಎಣ್ಣೆಯೇ. ಚೈನ್‌ಗೆ ಎಣ್ಣೆ ಹಾಕುವಾಗ ಇನ್ನು ಮೇಲೆ ಸ್ಪ್ರೇ ಬಿಟ್ಟು ಹನಿ ಹನಿಯಾಗಿ ಹಾಕಿ.

ಬೆಟ್ಟದ_ಭಾನುವಾರ

ಬೆಟ್ಟದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಚಾಮುಂಡಿ ಬೆಟ್ಟಕ್ಕೂ ಊರಿಗೂ ಎತ್ತರದ ವ್ಯತ್ಯಾಸ ಸುಮಾರು 300 ಮೀಟರ್. ನೀವು, ಸೈಕಲ್, ಬ್ಯಾಗ್ ಎಲ್ಲ ಸೇರಿ 100 ಕೆ.ಜಿ. ಅಂತ ಇಟ್ಟುಕೊಳ್ಳಿ. ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 80 ವ್ಯಾಟ್ ಅವರ್. ನಮ್ಮ ಸಾಧಾರಣ ಇ-ಸೈಕಲ್ ಬ್ಯಾಟರಿ 36 ವೋಲ್ಟ್, 7.5 ಆಂಪಿಯರ್ ಅವರ್ ಅಂದರೆ 270 ವ್ಯಾಟ್ ಅವರ್. ಕಾಲು ಭಾಗಕ್ಕಿಂತ ಜಾಸ್ತಿ! ಗಾಳಿ ಒಂದಿಷ್ಟು ತಡೆಯುತ್ತದೆ, ಉಳಿದದ್ದೆಲ್ಲ ಆ ತೆಳ್ಳಗಿನ ಡಿಸ್ಕ್‌ನಲ್ಲಿ ಬಿಸಿಯಾಗಿ ಹೋಗಬೇಕು. ಗೇರ್ ಇರುವ ಹಬ್ ಮೋಟರ್ ಇಳಿಜಾರಿನಲ್ಲಿ ತಡೆಯುವುದೂ ಇಲ್ಲ, ಬ್ಯಾಟರಿ ಚಾರ್ಜ್ ಮಾಡುವುದೂ ಇಲ್ಲ, ಒಳಗಿನ ಕ್ಲಚ್‌ನಿಂದಾಗಿ ಚಕ್ರ ಫ್ರೀಯಾಗಿ ಓಡುತ್ತದೆ. ಎಲ್ಲ ಭಾರ ಬ್ರೇಕ್ ಮೇಲೆಯೇ.

ಹಾಗಾಗಿ ಒಂದೇ ಬ್ರೇಕನ್ನು ಮೇಲಿಂದ ಕೆಳಗಿನವರೆಗೆ ಮೆಲ್ಲಗೆ ಹಿಡಿದುಕೊಂಡೇ ಬರಬೇಡಿ. ನಿಮಗೆ ಸುಟ್ಟ ವಾಸನೆ ಬಂದಿದ್ದು ಬಹುಶಃ ಅದಕ್ಕೇ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ, ತಣ್ಣಗಾಗಲು ಬಿಡಿ, ಮತ್ತೆ ಹಿಡಿಯಿರಿ. ಹಿಂದಿನದು ಮಾತ್ರ ನಂಬುವುದು ನಮ್ಮ ಜನರ ಹಳೆಯ ಅಭ್ಯಾಸ. ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನದರಲ್ಲಿ, ಯಾಕೆಂದರೆ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುತ್ತದೆ. ನಂದಿ ಹತ್ತಿರ ಒಂದು ಐದು ನಿಮಿಷ ನಿಂತು ಹೋಗಿ. ಬಿಸಿ ಡಿಸ್ಕ್ ಮುಟ್ಟಬೇಡಿ, ಕೈ ಸುಟ್ಟು ಬೊಬ್ಬೆ ಬರುತ್ತದೆ. ನೀರನ್ನೂ ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗಬಹುದು.

ಹೊಸ ಪ್ಯಾಡ್ ಹಾಕಿದ ಮೇಲೆ ನೇರ ಬೆಟ್ಟಕ್ಕೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಹೋಗಿ, ಚಕ್ರ ಲಾಕ್ ಆಗದ ಹಾಗೆ ಒಂದೇ ಸಮನೆ ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ. ಒಂದೊಂದು ಬ್ರೇಕಿಗೂ ಹೀಗೆ ಇಪ್ಪತ್ತು ಸಲ. ಪ್ಯಾಡಿನ ತೆಳು ಪದರ ಡಿಸ್ಕ್‌ಗೆ ಸಮವಾಗಿ ಹತ್ತಿಕೊಂಡ ಮೇಲೆಯೇ ನಿಜವಾದ ಹಿಡಿತ ಬರುವುದು.

ಶ್ರೀರಾಂಪುರ_ಸವಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಬೆಳಿಗ್ಗೆ ಕೂತು ಮಾಡಿದೆ, ಮೂರು ಗಂಟೆ ಹಿಡಿಯಿತು. ಒಳಗಿನ ಪ್ಯಾಡ್ ನೋಡಿ ಗಾಬರಿಯಾಯಿತು, ಒಂದು ಮೂಲೆಯಲ್ಲಿ ಲೋಹವೇ ಕಾಣುತ್ತಿತ್ತು. ಹೊರಗಿನದು ಅರ್ಧಕ್ಕರ್ಧ ಇತ್ತು, ಆದರೆ ಕಪ್ಪಗೆ ಹೊಳೆಯುತ್ತಿತ್ತು. ಎರಡೂ ಹೊಸದು ಹಾಕಿದೆ. ಬಿಳಿ ಕಾಗದ ಹಾಸಿ ನೋಡುವ ಉಪಾಯ ತುಂಬಾ ಕೆಲಸಕ್ಕೆ ಬಂತು. ಕಾಲು ಸುತ್ತು ತಿರುಗಿಸಿದರೆ ಬೆಳಕಿನ ಎಳೆ ಸಣ್ಣಗಾಗುವುದು ಕಣ್ಣಿಗೇ ಕಾಣುತ್ತದೆ. ಇಪ್ಪತ್ತು ಸಲ ಹಿಡಿದು ಬಿಟ್ಟ ಮೇಲೆ ಈಗ ಎರಡು ಬೆರಳಲ್ಲಿ ನಿಲ್ಲುತ್ತದೆ. ಕಿರುಚುವುದು ನಿಂತಿದೆ.

ಉಳಿದಿರುವುದು ಎರಡು. ಒಂದೇ ಜಾಗದಲ್ಲಿ ಶಿರ್ ಅನ್ನುವುದು ಸ್ವಲ್ಪ ಇದೆ. ಮೋಟರ್ ತಡವಾಗಿ ಎಳೆಯುವುದೂ ಹಾಗೇ ಇದೆ.

ಒಂಟಿಕೊಪ್ಪಲು_ಸ್ಪ್ಯಾನರ್

ಬಹಳ ಸಂತೋಷ ಮೇಡಂ. ಒಂದೇ ಜಾಗದಲ್ಲಿ ಉಜ್ಜಿದರೆ ಡಿಸ್ಕ್ ಅಲ್ಲಿ ಸೊಟ್ಟಗಿದೆ. ಚಕ್ರ ನಿಧಾನಕ್ಕೆ ತಿರುಗಿಸಿ, ತಾಗುವ ಜಾಗಕ್ಕೆ ಮಾರ್ಕರ್‌ನಲ್ಲಿ ಡಿಸ್ಕಿನ ಹೊರ ಅಂಚಿನಲ್ಲಿ ಸಣ್ಣ ಗುರುತು ಹಾಕಿ. ಅಡ್ಜಸ್ಟಬಲ್ ಸ್ಪ್ಯಾನರ್‌ನ ಬಾಯಿಯನ್ನು ಅದೇ ಆಲ್ಕೋಹಾಲ್‌ನಲ್ಲಿ ಒರೆಸಿ, ಡಿಸ್ಕನ್ನು ಅಲ್ಲಿ ಹಿಡಿದು ವಿರುದ್ಧ ಕಡೆಗೆ ತುಂಬಾ ಮೆಲ್ಲಗೆ ಒತ್ತಿ. ಒತ್ತಿ, ತಿರುಗಿಸಿ ನೋಡಿ, ಮತ್ತೆ ಒತ್ತಿ. ಜೋರು ಮಾಡಿದರೆ ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ಡಿಸ್ಕ್ ಹಿಡಿದಿರುವ ಆರು ಬೋಲ್ಟ್ ಬಿಗಿ ಇವೆಯಾ ಅಂತಲೂ ನೋಡಿ, ಅದಕ್ಕೆ ಟಿ25 ನಕ್ಷತ್ರದ ಕೀ ಬೇಕು. ಡಿಸ್ಕ್ ಹೊಸದಿದ್ದಾಗ ಸಾಮಾನ್ಯವಾಗಿ 1.8 ಎಂಎಂ ದಪ್ಪ, 1.5ಕ್ಕೆ ಬಂದರೆ ಬದಲಿಸುವ ಕಾಲ ಅಂತ ಲೆಕ್ಕ.

ಮೋಟರ್ ತಡವಾಗುವುದು ಬೇರೆ ಕಾರಣಕ್ಕೆ. ಬ್ರೇಕ್ ಲಿವರ್ ಒಳಗೆ ಕಟ್-ಆಫ್ ಸ್ವಿಚ್ ಇದೆ. ಲಿವರ್ ಸ್ವಲ್ಪ ಎಳೆದರೂ ಮೋಟರ್ ನಿಲ್ಲಬೇಕು ಅಂತ ಇಟ್ಟಿರುವುದು. ಮಳೆ ನೀರು ವೈರಿನ ಔಟರ್, ಅಂದರೆ ವೈರಿನ ಮೇಲಿನ ಕೊಳವೆಯ ಒಳಗೆ ಹೋಗಿ ತುಕ್ಕು ಹಿಡಿದರೆ ಲಿವರ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಅಕ್ಕಿ ಕಾಳಿನಷ್ಟು ಒಳಗೇ ಉಳಿಯುತ್ತದೆ. ಮೋಟರ್ ಇನ್ನೂ ಬ್ರೇಕ್ ಹಿಡಿದಿದ್ದಾರೆ ಅಂದುಕೊಳ್ಳುತ್ತದೆ. ಮುಂದಿನ ಸಲ ಹಾಗಾದಾಗ ಲಿವರನ್ನು ಬೆರಳಲ್ಲಿ ಹೊರಗೆ ತಳ್ಳಿ ನೋಡಿ. ತಕ್ಷಣ ಮೋಟರ್ ಎಳೆದರೆ ಅದೇ ಕಾರಣ. ಒಳಗಿನ ವೈರ್, ಔಟರ್ ಎರಡೂ ಬದಲಿಸಿ, ದೊಡ್ಡ ಖರ್ಚೇನೂ ಅಲ್ಲ. ಬ್ರೇಕಿನ ಔಟರೇ ಬೇಕು ಅಂತ ಒತ್ತಿ ಹೇಳಿ, ಗೇರಿನ ಔಟರ್ ಬ್ರೇಕಿನ ಎಳೆತಕ್ಕೆ ಒಡೆದುಹೋಗಬಹುದು. ಸ್ವಿಚ್ ವೈರ್ ಕಿತ್ತುಬಿಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಶ್ರೀರಾಂಪುರ_ಸವಾರಿ

ಲಿವರ್ ತಳ್ಳಿ ನೋಡಿದೆ ಸರ್, ಅದೇ ಕಾರಣ. ತಳ್ಳಿದ ಕೂಡಲೇ ಮೋಟರ್ ಎಳೆಯಿತು. ಶನಿವಾರ ವೈರ್, ಔಟರ್ ಎರಡೂ ಹಾಕುತ್ತೇನೆ, ಜೊತೆಗೆ ಮುಂದಿನ ಬ್ರೇಕಿನ ಪ್ಯಾಡನ್ನೂ ಬಿಚ್ಚಿ ನೋಡುತ್ತೇನೆ. ಅಲ್ಲಿಯವರೆಗೆ ಮಗಳು ಅವಳ ಅಜ್ಜನ ಜೊತೆ ಸಿಟಿ ಬಸ್ಸಿನಲ್ಲಿ ಹೋಗುತ್ತಾಳೆ.