ದಿವಾಳಿ ಎದ್ದ ಪ್ರೇಮ್‌ಚಂದ್ ರಾಯ್‌ಚಂದ್ ಅವರನ್ನು ಪೇಟೆ ಮತ್ತೆ ನಂಬಿದ್ದು ಹೇಗೆ?

ಗದಗಿನವ:
ಹೋದ ವಾರ ಮುಂಬೈನಲ್ಲಿ ರಾಜಾಬಾಯಿ ಗಡಿಯಾರ ಗೋಪುರ ನೋಡಿದೆ. ಅದಕ್ಕೆ 2 ಲಕ್ಷ ರೂಪಾಯಿ ಕೊಟ್ಟ ಪ್ರೇಮ್‌ಚಂದ್ ರಾಯ್‌ಚಂದ್ ಅವರೇ ಈಗಿನ ಬಿಎಸ್‌ಇ (ಮುಂಬೈ ಷೇರುಪೇಟೆ) ಶುರು ಮಾಡಿದವರಲ್ಲಿ ಮುಖ್ಯರಂತೆ. ಆದರೆ ಅದಕ್ಕೂ ಮೊದಲೇ ದಿವಾಳಿ ಎದ್ದಿದ್ದರಲ್ವಾ? ಅಂಥವರನ್ನು ದಲಾಲರು ಮತ್ತೆ ಹೇಗೆ ನಂಬಿದರು?

ಹಳೇ ಲೆಕ್ಕ:
ಮುಳುಗಿದ್ದು ಅವರೊಬ್ಬರೇ ಅಲ್ಲ, ಇಡೀ ಬೊಂಬಾಯಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರೋದು ನಿಂತಿತು, ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು, ಆ ದುಡ್ಡೆಲ್ಲ ಹೊಸ ಬ್ಯಾಂಕು, ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳ ಷೇರಿಗೆ ಹರಿಯಿತು. ಸೂರತ್ ಮೂಲದ ಈ ಜೈನ ದಲಾಲರ ಮಾತೇ ಆಗ ಪೇಟೆಯಲ್ಲಿ ನಡೆಯುತ್ತಿತ್ತು. ಬ್ಯಾಂಕ್ ಆಫ್ ಬಾಂಬೆ ಬರೀ ಷೇರು ಅಡ ಇಟ್ಟುಕೊಂಡು ಸಾಲ ಕೊಟ್ಟಿತು. ಯುದ್ಧ ಮುಗಿಯಿತು, ಹತ್ತಿ ಬಿತ್ತು. 1865ರ ಜುಲೈ 1ಕ್ಕೆ ವಾಯಿದೆ ವ್ಯಾಪಾರದ (ಬೆಲೆ ಮೊದಲೇ ಮಾತಾಡಿ ದುಡ್ಡು ಆಮೇಲೆ ಕೊಡುವ ವ್ಯಾಪಾರ) ಲೆಕ್ಕ ಚುಕ್ತಾ ಆಗಬೇಕಿತ್ತು, ಯಾರ ಕೈಯಲ್ಲೂ ಕಾಸಿಲ್ಲ. 2,850 ರೂಪಾಯಿ ಮುಟ್ಟಿದ್ದ ಆ ಬ್ಯಾಂಕಿನ ಷೇರು 87ಕ್ಕೆ ಇಳಿಯಿತು.

ಅವರದ್ದೇನೂ ತಪ್ಪಿಲ್ಲ ಅಂತ ನಾನು ಹೇಳಲ್ಲ. ಎಷ್ಟೋ ಮನೆ ಹಾಳಾದವು. ಆದರೆ ಟೌನ್‌ಹಾಲ್ ಎದುರಿನ ಆಲದ ಮರದ ಕೆಳಗೆ ನಿಂತು ವ್ಯಾಪಾರ ಮಾಡುತ್ತಿದ್ದ ದಲಾಲರಿಗೆ ಆ ಪೆಟ್ಟಿನಿಂದಲೇ ಒಂದು ಕಟ್ಟುಪಾಡು ಬೇಕು ಅನ್ನಿಸಿರಬೇಕು. 1875ರಲ್ಲಿ ಸಂಘ ಕಟ್ಟಿದರು, ಅದೇ ಈಗಿನ ಬಿಎಸ್‌ಇ. ಪ್ರವೇಶ ಶುಲ್ಕ 1 ರೂಪಾಯಿ, ಸದಸ್ಯರು 318. ಪೇಟೆಯ ಏರಿಳಿತ ಎರಡನ್ನೂ ಪ್ರೇಮ್‌ಚಂದ್ ಅವರಷ್ಟು ಹತ್ತಿರದಿಂದ ಕಂಡವರು ಇನ್ಯಾರಿದ್ದರು?

ಕುಮಟೆಯಿಂದ:
ಈ ಕಥೆಯಲ್ಲಿ ನಮ್ಮ ಊರೂ ಇದೆ. ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗಲ್ಲಿ ಬೊಂಬಾಯಿಗೆ. ಬೆಳೆದದ್ದು ಬಯಲುಸೀಮೆಯ ಎರೆಹೊಲದಲ್ಲಿ, ಆದರೂ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ!

ಗದಗಿನವ:
ನಮ್ಮಜ್ಜ ಕುಮಟಾ ಅರಳೆ ಅನ್ನುತ್ತಿದ್ದರು. ಯಾಕೆ ಅಂತ ಈಗ ತಿಳಿಯಿತು. ಆ ಗೋಪುರದ ಹೆಸರು ಪ್ರೇಮ್‌ಚಂದ್ ಅವರ ತಾಯಿಯದ್ದೇ ತಾನೆ?

ಹಳೇ ಲೆಕ್ಕ:
ಹೌದು. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲು ಊಟ ಮಾಡಲು ಗಂಟೆ ಸದ್ದು ನೆರವಾಗುತ್ತಿತ್ತು ಅಂತ ಅಲ್ಲಿನವರು ಹೇಳುತ್ತಾರೆ. ಗೋಪುರ ಮುಗಿದಿದ್ದು 1878ರಲ್ಲಿ, ಪೇಟೆ ಮುಳುಗಿ 13 ವರ್ಷ ಆದ ಮೇಲೆ.