ಹುಟ್ಟಿದ್ದು ಪರಾಭವ, ನಿವೃತ್ತಿಯೂ ಪರಾಭವ: ಈ ಯುಗಾದಿಗೆ ಏನಂದುಕೊಳ್ಳಲಿ?

ತಿಪಟೂರಿನವ

ಗುರುವಾರ, ಮಾರ್ಚ್ 19ಕ್ಕೆ ಯುಗಾದಿ. ವಿಶ್ವಾವಸು ಮುಗಿದು ಪರಾಭವ ಸಂವತ್ಸರ. ಹೆಸರಿನ ಅರ್ಥವೇ ಸೋಲು! ನಾನು ಹುಟ್ಟಿದ್ದೂ ಇದೇ ಸಂವತ್ಸರದಲ್ಲಿ, 1966ರ ಏಪ್ರಿಲ್. 60 ವರ್ಷ ಸುತ್ತಿ ಅದೇ ಬಂದು ಬಾಗಿಲಲ್ಲಿ ನಿಂತಿದೆ. ಏಪ್ರಿಲ್ 30ಕ್ಕೆ ಸರ್ಕಾರಿ ಕೆಲಸವೂ ಮುಗಿಯುತ್ತದೆ.

ಹೋದ ಯುಗಾದಿಗೆ ಮೂರು ಅಂದುಕೊಂಡಿದ್ದೆ. ಬೆಳಿಗ್ಗೆ ವಾಕಿಂಗ್, ಕಾಫಿಗೆ ಸಕ್ಕರೆ ಬಿಡೋದು, ಮಗನ ಹತ್ತಿರ ಜಗಳವಿಲ್ಲದೆ ಮಾತಾಡೋದು. ವಾಕಿಂಗ್ ಹನ್ನೊಂದು ದಿನ ನಡೆಯಿತು. ಸಕ್ಕರೆ ಹೋಗಿ ಬೆಲ್ಲ ಬಂತು (ಅದೇನೂ ಲೆಕ್ಕಕ್ಕಿಲ್ಲ ಅಂದರು ಡಾಕ್ಟರು). ಮಗನ ವಿಷಯ ಬೇಡ.

ಆದದ್ದು ಒಂದೇ, ಅದೂ ಅಂದುಕೊಳ್ಳದೇ ಇದ್ದದ್ದು. ಆಷಾಢದಲ್ಲಿ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಯಿತು. ಅಡುಗೆ ನನ್ನ ತಲೆಗೆ ಬಂತು. ಮೊದಲ ದಿನದ ಸಾರಿಗೆ ಒಂದು ಹಿಡಿ ಹುಣಿಸೆಹಣ್ಣು ಕಿವುಚಿದೆ. ಅವಳು ಏನೂ ಅನ್ನಲಿಲ್ಲ, ಸುಮ್ನೆ ಮಜ್ಜಿಗೆ ಅನ್ನ ಉಂಡಳು. ಮೂರನೇ ತಿಂಗಳಿಗೆ ಸಾರು ಕೈಗೆ ಕೂತಿತು. ಸಾರು ಮಾಡೋದಕ್ಕಿಂತ 'ನಾಳೆ ಏನು ಮಾಡೋದು' ಅನ್ನೋದೇ ದೊಡ್ಡ ಕೆಲಸ ಅಂತ ಗೊತ್ತಾದದ್ದೂ ಆಗಲೇ. ಅವಳು 34 ವರ್ಷ ಅದನ್ನು ಮಾಡಿದ್ದಾಳೆ. ನಾನು ತಟ್ಟೆ ಮುಂದೆ ಕೂತು ಉಪ್ಪು ಕಡಿಮೆ ಅಂದಿದ್ದೇನೆ.

ಈಗ ಎಲ್ಲರೂ ಕಾಶಿಗೆ ಹೋಗಿ, ಯೋಗಕ್ಕೆ ಸೇರಿ ಅಂತಾರೆ. ನನಗಿರೋದು ಒಂದೇ ಆಸೆ. ಹಬ್ಬದ ಒಬ್ಬಟ್ಟು ನಾನು ಮಾಡಬೇಕು, ಅವಳು ಕುರ್ಚಿಯಲ್ಲಿ ಕೂತಿರಬೇಕು. ಭಾನುವಾರ ಮಾಡಿ ನೋಡಿದೆ, ಹೂರಣ ನೀರಾಯಿತು. ಎಲ್ಲಿ ತಪ್ಪಿದೆ? ಹಾಗೇ, ಐವತ್ತು ದಾಟಿದ ಮೇಲೆ ಏನಾದರೂ ಕಲಿತವರಿದ್ದರೆ ಹೇಳಿ.

ಹಾಸನದ ಅಕ್ಕ

ಅಣ್ಣಾ, ಬೇಳೆ ಜಾಸ್ತಿ ಬೆಂದಿದೆ. ಬೆರಳಲ್ಲಿ ಹಿಸುಕಿದರೆ ಒಡೆಯಬೇಕು, ಕರಗಬಾರದು. ಕಟ್ಟು ಪೂರಾ ಬಸಿಯಿರಿ, ಅದು ಒಬ್ಬಟ್ಟಿನ ಸಾರಿಗೆ. ಬೆಲ್ಲ ಬಿದ್ದ ಮೇಲೆ ನೀರು ಬಿಟ್ಟೇ ಬಿಡುತ್ತೆ. ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಮಗುಚಿ, ಆಮೇಲೆ ರುಬ್ಬಿ. ಕಣಕಕ್ಕೆ ಎಣ್ಣೆ ಹಾಕೋದರಲ್ಲಿ ಜಿಪುಣತನ ಬೇಡ, ಎರಡು ಗಂಟೆ ನೆನೆಯಲಿ.

ನಾನು 52ಕ್ಕೆ ಸ್ಕೂಟರ್ ಕಲಿತೆ. ಈಗಲೂ ದೊಡ್ಡ ರಸ್ತೆಯಲ್ಲಿ ಬಲಕ್ಕೆ ತಿರುಗಬೇಕಾದರೆ ಇಳಿದು ತಳ್ಳುತ್ತೇನೆ.

ಮಂಡ್ಯದ ಹೈದ

ಸಾರ್, ಹೆಸರಿಗೆ ಹೆದರಬೇಡಿ. ವಿಶ್ವಾವಸುಗೆ ಮುಂಚೆ ಕ್ರೋಧಿ ಇತ್ತು. ಆ ವರ್ಷ ನಮ್ಮಪ್ಪ ನನಗೆ ಒಂದು ಸಲವೂ ಬೈಯಲಿಲ್ಲ!

ನಮ್ಮ ಕಡೆ ವರ್ಷತೊಡಕಿನ ದಿನ ಏನು ಮಾಡ್ತೀವೋ ವರ್ಷವಿಡೀ ಅದೇ ಅಂತಾರೆ. ಮಕ್ಕಳನ್ನು ಓದೋಕೆ ಕೂರಿಸಿ ದೊಡ್ಡವರು ಇಸ್ಪೀಟಿಗೆ ಕೂರೋದು ಬೇರೆ ಮಾತು. 20ನೇ ತಾರೀಕು ಮಗನಿಗೆ ಫೋನ್ ಮಾಡಿ. ಬುದ್ಧಿ ಹೇಳೋಕಲ್ಲ, ಒಬ್ಬಟ್ಟು ಹೇಗಾಯ್ತು ಅಂತ ಹೇಳೋಕೆ ಅಷ್ಟೇ.

ತಿಪಟೂರಿನವ

ಹದಿನಾಲ್ಕರಲ್ಲಿ ಐದು ಹರಿದವು. ಹೂರಣ ಗಟ್ಟಿ ಬಂತು, ಅಕ್ಕನಿಗೆ ನಮಸ್ಕಾರ. ಹೆಂಡತಿ ಕುರ್ಚಿಯಲ್ಲಿ ಕೂರಲಿಲ್ಲ. ಕೋಲು ಹಿಡಿದು ಎರಡು ಸಲ ಬಂದು ಉರಿ ಸಣ್ಣ ಮಾಡಿ ಹೋದಳು. ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಕಡಿಮೆ ಅಂದಳು.

ಇವತ್ತು ಮಗನಿಗೆ ಫೋನ್ ಮಾಡಿದೆ. ನಾಲ್ಕು ನಿಮಿಷ ಮಾತಾಡಿದ. ಕಣಕಕ್ಕೆ ಮೈದಾನೋ, ಚಿರೋಟಿ ರವೆನೋ ಅಂತ ಕೇಳಿದ.